ಕೆಲಸದ ಮಧ್ಯೆ ಪರದೆ ಕಪ್ಪಾಗಿ ಲಾಗಿನ್‌ಗೆ ವಾಪಸ್ ಬರುತ್ತಿದೆ, ದಿನಾ ಅಲ್ಲ, ಯಾವಾಗಲೋ

ಚೆಕ್‌ರೋಲ್ ರೈಟರ್ (ಜುಲೈ 14)

ಎಲ್ಲರಿಗೂ ನಮಸ್ಕಾರ. ನಾನು ನಾಪೋಕ್ಲು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಆಳುಗಳ ಚೆಕ್‌ರೋಲ್ (ಹಾಜರಿ ಪುಸ್ತಕ), ಶನಿವಾರದ ಬಟವಾಡೆ, ಗೊಬ್ಬರದ ಸ್ಟಾಕು, ದಿನದ ಮಳೆ ಅಳತೆ, ಎಲ್ಲ ಲಿಬ್ರೆ ಆಫೀಸ್‌ನಲ್ಲಿ ಬರೆಯುತ್ತೇನೆ. ಲ್ಯಾಪ್‌ಟಾಪ್‌ಗೆ ಆರು ವರ್ಷ ಆಯಿತು. 4+4 ಒಟ್ಟು 8 ಜಿಬಿ ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗೆ ಇರುವುದೇ. ಲಿನಕ್ಸ್ ಮಿಂಟ್ 21.3, ಡೆಸ್ಕ್‌ಟಾಪ್ ಸಿನಮನ್.

ಕೆಲಸ ಮಾಡುತ್ತಾ ಇರುವಾಗ ಇದ್ದಕ್ಕಿದ್ದಂತೆ ಪರದೆ ಕಪ್ಪಾಗುತ್ತದೆ. ಎರಡು ಮೂರು ಸೆಕೆಂಡ್ ಬಿಟ್ಟು ಲಾಗಿನ್ ಪರದೆ ಬಂದು ಪಾಸ್‌ವರ್ಡ್ ಕೇಳುತ್ತದೆ. ಒಳಗೆ ಹೋದರೆ ತೆರೆದಿಟ್ಟಿದ್ದು ಒಂದೂ ಇಲ್ಲ. ಹೋದ ಶನಿವಾರ ಬಟವಾಡೆ ಪಟ್ಟಿ ಮುಕ್ಕಾಲು ಪಾಲು ಮುಗಿದಿತ್ತು, ಹೊರಗೆ ಆಳುಗಳು ಕೊಡೆ ಹಿಡಿದು ನಿಂತಿದ್ದರು, ಸರಿಯಾಗಿ ಆಗ ಹೋಯಿತು. ಲಿಬ್ರೆ ಆಫೀಸ್ ಹತ್ತು ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುತ್ತದಲ್ಲ, ಅದರಿಂದ ಸ್ವಲ್ಪ ವಾಪಸ್ ಸಿಕ್ಕಿತು. ಉಳಿದದ್ದು ಕೈಯಲ್ಲೇ ಬರೆದೆ.

ಕೆಲವು ಸಲ ದಿನಕ್ಕೆ ಎರಡು ಸಲ. ಕೆಲವು ಸಲ ನಾಲ್ಕು ದಿನ ಏನೂ ಇಲ್ಲ. ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡರು, ಒಂದು ಸಲವೂ ಆಗಲಿಲ್ಲವಂತೆ. ಲಿನಕ್ಸ್ ಹಾಕಿದ್ದೇ ತಪ್ಪು ಅಂತ ಹೇಳಿ 500 ರೂಪಾಯಿ ತೆಗೆದುಕೊಂಡು ಕೊಟ್ಟರು. ಮನೆಗೆ ತಂದ ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಇದು ಎಂತ ಮಾರಾಯ್ರೇ?

ಕಮಾಂಡ್ ಹೇಳುವವರು ನಿಧಾನವಾಗಿ ಬಿಡಿಸಿ ಹೇಳಿ. ಫೋನ್‌ನಲ್ಲಿ ಓದಿಕೊಂಡು ಅಲ್ಲಿ ಟೈಪ್ ಮಾಡಬೇಕು.

ಪೆನ್‌ಡ್ರೈವ್ ಪೊನ್ನಂಪೇಟೆ (ಜುಲೈ 14)

ಅಣ್ಣ, ಇದು ಎಕ್ಸ್‌ಆರ್ಗ್ ಕ್ರ್ಯಾಶ್, ಪರದೆ ನೋಡಿಕೊಳ್ಳುವ ಎಕ್ಸ್ ಸರ್ವರ್ ಬೀಳುವುದು. ಗ್ಯಾರಂಟಿ. ಅದು ಹಳೇ ಕಾಲದ್ದು, ಬಿಟ್ಟುಬಿಡಿ. ಲಾಗಿನ್ ಪರದೆಯಲ್ಲಿ ಸಿನಮನ್ ಆನ್ ವೇಲ್ಯಾಂಡ್ ಅಂತ ಒಂದು ಇರುತ್ತದೆ, ಅದನ್ನು ಆರಿಸಿ. ವೇಲ್ಯಾಂಡ್ ಅಂದರೆ ಎಕ್ಸ್ ಬದಲಿಗೆ ಬಂದ ಹೊಸದು. ಜೊತೆಗೆ ಕರ್ನಲ್ (ಲಿನಕ್ಸ್‌ನ ಒಳಗಿನ ತಿರುಳು) ಹೊಸದು ಹಾಕಿ. ಬೂಟ್ ಆಗುವಾಗ ಮೊದಲು ಓಡುವ ಗ್ರಬ್‌ನಲ್ಲಿ ಪಿಎಸ್‌ಆರ್ ಆಫ್ ಮಾಡಿ. ಅದು ಪ್ಯಾನೆಲ್ ಸೆಲ್ಫ್ ರಿಫ್ರೆಶ್, ಬ್ಯಾಟರಿ ಉಳಿಸುವುದಕ್ಕೆ ಇರುವುದು, ಸುಮಾರು ಲ್ಯಾಪ್‌ಟಾಪ್‌ಗಳಲ್ಲಿ ಕಾಟ ಕೊಡುತ್ತದೆ. ಮೂರೂ ಮಾಡಿ, ಖಂಡಿತ ಸರಿ ಹೋಗುತ್ತದೆ.

ಸೋಲ್ಡರ್ ಕುಶಾಲನಗರ (ಜುಲೈ 14)

ನಾನು ರಿಪೇರಿ ಕೆಲಸದವನು. ಹನ್ನೆರಡು ವರ್ಷದಿಂದ ಇದೇ ಕೆಲಸ. ಅಂಗಡಿಯಲ್ಲಿ ಎರಡು ದಿನ ಚೆನ್ನಾಗಿತ್ತು ಅಂದಿರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಅಲ್ಲಿ ಇದ್ದದ್ದು ಇಲ್ಲಿ ಇಲ್ಲ, ಇಲ್ಲಿ ಇದ್ದದ್ದು ಅಲ್ಲಿ ಇಲ್ಲ, ಅದು ಏನು ಅಂತ ಯೋಚನೆ ಮಾಡಿ. ಚಾರ್ಜರ್ ಅದೇನಾ? ಇನ್ವರ್ಟರ್‌ನಲ್ಲಿ ಓಡುತ್ತದಾ? ಮೇಜು ಯಾವುದು, ರೂಮು ಯಾವುದು? ನಮ್ಮ ಕಡೆಗೂ ನಿಮ್ಮ ಕಡೆಗೂ ಮಳೆಯಲ್ಲೇ ಎಷ್ಟು ವ್ಯತ್ಯಾಸ ಇದೆ ನೋಡಿ. ಇವತ್ತು ಇಲ್ಲಿ ಬಟ್ಟೆ ಒಣಗಿದೆ.

ಮೂರನೇ ಟಿಟಿವೈ (ಜುಲೈ 15)

ಏನೂ ಬದಲಾಯಿಸುವ ಮೊದಲು ಒಂದು ನಿಮಿಷ. ಪರದೆ ಹೋಯಿತು ಅಂದರೆ ಮೂರು ಬೇರೆ ಬೇರೆ ಕಾಯಿಲೆ ಇರಬಹುದು.

ಸಿನಮನ್ ಮಾತ್ರ ಬಿದ್ದರೆ ಕಿಟಕಿಗಳು ಹಾಗೇ ಇರುತ್ತವೆ. ಕೆಳಗಿನ ಪಟ್ಟಿ ಮಾಯವಾಗುತ್ತದೆ, ಫಾಲ್‌ಬ್ಯಾಕ್ ಮೋಡ್‌ನಲ್ಲಿ ಇದ್ದೀರಿ ಅಂತ ಒಂದು ಸಂದೇಶ ಬರುತ್ತದೆ. ನಿಮ್ಮದು ಅದಲ್ಲ. ಎಲ್ಲವೂ ಕಲ್ಲಿನ ಹಾಗೆ ನಿಂತು, ಕ್ಯಾಪ್ಸ್ ಲಾಕ್ ಒತ್ತಿದರೂ ದೀಪ ಹತ್ತದಿದ್ದರೆ ಕರ್ನಲ್ಲೇ ಸತ್ತಿದೆ ಅಂತ ಹೆಚ್ಚು ಕಡಿಮೆ ಹೇಳಬಹುದು. ನಿಮ್ಮದು ಅದೂ ಅಲ್ಲ. ತಾನಾಗಿ ಲಾಗಿನ್‌ಗೆ ಬರುತ್ತಿದೆ ಅಂದರೆ ಎಕ್ಸ್ ಸರ್ವರ್ ಬಿದ್ದಿದೆ, ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂ ಅದನ್ನು ಮತ್ತೆ ಎಬ್ಬಿಸಿದೆ. ಹಾಗಾಗಿ ಪೊನ್ನಂಪೇಟೆಯವರು ಅರ್ಧ ಸರಿ ಹೇಳಿದ್ದಾರೆ. ಆದರೆ ಯಾರು ಬಿದ್ದರು ಅನ್ನುವುದು ಒಂದು, ಯಾರು ತಳ್ಳಿದರು ಅನ್ನುವುದು ಬೇರೆ.

ಮುಂದಿನ ಸಲ ಆದಾಗ ರೀಸ್ಟಾರ್ಟ್ ಮಾಡಲೇಬೇಡಿ. ಇದು ಮುಖ್ಯ. ವಾರ್ ಒಳಗೆ ಲಾಗ್ ಅಂತ ಫೋಲ್ಡರ್ ಇದೆ. ಅದರಲ್ಲಿ ಎಕ್ಸ್‌ಆರ್ಗ್ ಡಾಟ್ ಸೊನ್ನೆ ಡಾಟ್ ಲಾಗ್ ಅಂತ ಒಂದು ಫೈಲು, ಅದೇ ಹೆಸರಿನ ಕೊನೆಗೆ ಡಾಟ್ ಓಲ್ಡ್ ಅಂತ ಇನ್ನೊಂದು. ಸತ್ತ ಸರ್ವರ್‌ನ ಕೊನೆ ಮಾತು ಓಲ್ಡ್‌ನಲ್ಲಿ ಇರುತ್ತದೆ. ನೀವು ಗಾಬರಿಯಲ್ಲಿ ರೀಸ್ಟಾರ್ಟ್ ಮಾಡಿದರೆ ಇನ್ನೊಂದು ಸುತ್ತು ಆಗಿ ಆ ಓಲ್ಡ್ ಅಳಿಸಿ ಹೋಗುತ್ತದೆ. ಮೊದಲು ಅದನ್ನು ಡಾಕ್ಯುಮೆಂಟ್ಸ್‌ಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಒಳಗೆ ಬ್ರಾಕೆಟ್‌ನಲ್ಲಿ ಎರಡು ಇ ಇರುವ ಸಾಲು ಹುಡುಕಿ. ಅವು ತಪ್ಪುಗಳು. ಎರಡು ಡಬ್ಲ್ಯೂ ಇರುವುದು ಎಚ್ಚರಿಕೆ ಮಾತ್ರ, ಅವನ್ನು ನೋಡಿ ಹೆದರಬೇಡಿ.

ಶನಿವಾರಸಂತೆ ಮೇಷ್ಟ್ರು (ಜುಲೈ 15)

ನಾನು ನಿವೃತ್ತ. ಮೊಮ್ಮಗಳ ಲ್ಯಾಪ್‌ಟಾಪ್‌ನಲ್ಲಿ ಇದೇ ಮಿಂಟ್ ಇದೆ. ಈ ಸರ್ವರ್ ಅಂದರೆ ಎಲ್ಲೋ ದೂರದಲ್ಲಿ ಇರುವ ದೊಡ್ಡ ಯಂತ್ರ ಅಂತ ತಿಳಿದಿದ್ದೆ. ಒಂದು ಲ್ಯಾಪ್‌ಟಾಪ್ ಒಳಗೆ ಸರ್ವರ್ ಯಾಕೆ? ಮತ್ತೆ ಅದು ಬಿದ್ದರೆ ಲಿಬ್ರೆ ಆಫೀಸ್ ಯಾಕೆ ಸಾಯಬೇಕು?

ಮೂರನೇ ಟಿಟಿವೈ (ಜುಲೈ 16)

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ರೈಟರ್ ಅವರಿಗೆ ಅರ್ಥ ಆಗುವ ಹಾಗೆ ಹೇಳುತ್ತೇನೆ. ತೋಟದಲ್ಲಿ ಮೇಸ್ತ್ರಿ ಇರುತ್ತಾರಲ್ಲ, ಹಾಗೆ. ಯಾವ ಪ್ರೋಗ್ರಾಂ ಕೂಡ ನೇರವಾಗಿ ಪರದೆ ಮೇಲೆ ಬರೆಯುವುದಿಲ್ಲ. ಇಲ್ಲಿ ಒಂದು ಕಿಟಕಿ ಬೇಕು, ಇಲ್ಲಿ ಈ ಅಕ್ಷರ ಬೇಕು ಅಂತ ಮೇಸ್ತ್ರಿಗೆ ಹೇಳುತ್ತದೆ. ಕೀಬೋರ್ಡ್ ಒತ್ತಿದ್ದೂ ಮೊದಲು ಮೇಸ್ತ್ರಿಗೇ ಹೋಗುತ್ತದೆ. ಮೇಸ್ತ್ರಿ ಕುಸಿದು ಬಿದ್ದರೆ ಅವರ ಕೈಕೆಳಗಿನ ಗ್ಯಾಂಗು ಪೂರ್ತಿ ಮನೆಗೆ. ಅದಕ್ಕೇ ತೆರೆದಿಟ್ಟದ್ದು ಒಂದೂ ಉಳಿಯುವುದಿಲ್ಲ.

ಎಕ್ಸ್ ಶುರುವಾಗಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಈಗಲೂ ಓಡುತ್ತಿರುವ 11ನೇ ಆವೃತ್ತಿ 1987ರದ್ದು. ಆಗ ಒಂದು ಯಂತ್ರದಲ್ಲಿ ಓಡುವ ಪ್ರೋಗ್ರಾಂ ಇನ್ನೊಂದು ಯಂತ್ರದ ಪರದೆಯಲ್ಲಿ ಕಾಣಬೇಕಿತ್ತು, ಅದಕ್ಕೇ ಸರ್ವರ್ ಅನ್ನುವ ಹೆಸರು. ವೇಲ್ಯಾಂಡ್ ಕೆಲಸ ಶುರುವಾಗಿದ್ದು 2008ರಲ್ಲಿ. ಅದು ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಮಿಂಟ್ 21.3ರಲ್ಲಿ ಸಿನಮನ್‌ನ ವೇಲ್ಯಾಂಡ್ ಇನ್ನೂ ಪ್ರಯೋಗಕ್ಕೆ ಇಟ್ಟಿರುವುದು. ಇನ್ನೊಂದು ವಿಷಯ. ಎಕ್ಸ್‌ನಲ್ಲಿ ಸಿನಮನ್ ಬಿದ್ದರೆ ಕಿಟಕಿ ಉಳಿಯುತ್ತವೆ ಅಂದೆನಲ್ಲ, ವೇಲ್ಯಾಂಡ್‌ನಲ್ಲಿ ಸಿನಮನ್ನೇ ಮೇಸ್ತ್ರಿ. ಅದು ಬಿದ್ದರೆ ಎಲ್ಲವೂ ಬೀಳುತ್ತದೆ. ಬಟವಾಡೆ ದಿನ ಪ್ರಯೋಗ ಬೇಡ.

ಚೆಕ್‌ರೋಲ್ ರೈಟರ್ (ಜುಲೈ 17)

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. 14ನೇ ತಾರೀಕು ರಾತ್ರಿಯೇ ಪೊನ್ನಂಪೇಟೆ ತಮ್ಮ ಹೇಳಿದ ಮೂರೂ ಮಾಡಿಬಿಟ್ಟೆ. ಎರಡು ದಿನ ಚೆನ್ನಾಗಿತ್ತು. ಗೆದ್ದೆ ಅಂದುಕೊಂಡೆ. ಇವತ್ತು ಬೆಳಿಗ್ಗೆ ಏಳೂವರೆಗೆ ಮತ್ತೆ ಹೋಯಿತು. ವೇಲ್ಯಾಂಡ್‌ನಲ್ಲೇ ಹೋಯಿತು. ಅದರಲ್ಲಿ ಎಕ್ಸ್‌ಆರ್ಗ್ ಲಾಗೂ ಸಿಗಲಿಲ್ಲ. ಮೇಲೆ ಕನ್ನಡ ಟೈಪಿಂಗ್ ಬೇರೆ ಕೆಟ್ಟಿತು.

ಮೂರನೇ ಟಿಟಿವೈ (ಜುಲೈ 17)

ಮೂರು ಮದ್ದು ಒಟ್ಟಿಗೆ ಕುಡಿದರೆ ಯಾವುದರಿಂದ ವಾಸಿ ಆಯಿತು, ಯಾವುದರಿಂದ ವಾಂತಿ ಆಯಿತು ಅಂತ ಹೇಗೆ ಗೊತ್ತಾಗಬೇಕು? ಎಲ್ಲ ಮೊದಲಿನ ಹಾಗೆ ಮಾಡಿ. ಎಕ್ಸ್‌ಗೆ ವಾಪಸ್ ಬನ್ನಿ, ಗ್ರಬ್ ಸಾಲು ತೆಗೆಯಿರಿ, ಹಳೆಯ ಕರ್ನಲ್‌ನಲ್ಲೇ ಬೂಟ್ ಮಾಡಿ. ಯಾವಾಗಲೋ ಬರುವ ತೊಂದರೆಯಲ್ಲಿ ಎರಡು ದಿನ ಸುಮ್ಮನಿದ್ದರೆ ಅದು ಗೆಲುವಲ್ಲ. ನಾಲ್ಕು ದಿನ ಬರದೇ ಇದ್ದದ್ದೂ ಇದೆ ಅಂತ ನೀವೇ ಹೇಳಿದ್ದೀರಿ.

ಆದರೆ ಒಂದು ಲಾಭ ಆಯಿತು. ವೇಲ್ಯಾಂಡ್‌ನಲ್ಲೂ ಬಿತ್ತು ಅಂದರೆ ಎಕ್ಸ್ ಒಂದರ ಮೇಲೆ ಗೂಬೆ ಕೂರಿಸುವ ಹಾಗಿಲ್ಲ.

ಈಗ ಎರಡು ಕೆಲಸ. ಸಿಸ್ಟಂಡಿ ಕೋರ್‌ಡಂಪ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಇನ್ನು ಮುಂದೆ ಯಾವ ಪ್ರೋಗ್ರಾಂ ಸತ್ತರೂ ಅದು ಲೆಕ್ಕ ಇಡುತ್ತದೆ. ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ಅಂತ ಕೊಟ್ಟರೆ ಪಟ್ಟಿ ಬರುತ್ತದೆ. ಎರಡನೆಯದು ಒಂದು ನೋಟ್‌ಬುಕ್. ಕಾಗದದ್ದು. ಬಿದ್ದ ದಿನ, ಗಂಟೆ, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಚಾರ್ಜರ್ ಇತ್ತಾ, ಏನು ಮಾಡುತ್ತಿದ್ದಿರಿ. ನೀವು ರೈಟರ್, ನಿಮಗೆ ಇದನ್ನು ಕಲಿಸಬೇಕಾ?

ಡಿಟಿಪಿ ವಿರಾಜಪೇಟೆ (ಜುಲೈ 18)

ನನಗೂ ಸೇಮ್ ಪ್ರಾಬ್ಲಂ. ಮದುವೆ ಕಾಗದ ಡಿಸೈನ್ ಮಾಡುವಾಗ ಪರದೆ ನಿಂತೇ ಹೋಗುತ್ತದೆ, ಮೌಸ್ ಕೂಡ ಅಲ್ಲಾಡುವುದಿಲ್ಲ, ಒಂದೆರಡು ನಿಮಿಷ ಆದ ಮೇಲೆ ಡಿಸೈನ್ ಪ್ರೋಗ್ರಾಂ ತಾನೇ ಮುಚ್ಚಿಕೊಂಡು ಮತ್ತೆ ಸರಿಯಾಗುತ್ತದೆ. 4 ಜಿಬಿ ಮೆಷಿನ್. ಡಿಸ್ಪ್ಲೇ ಸರ್ವರ್ ಬದಲಾಯಿಸಲಾ?

ಮೂರನೇ ಟಿಟಿವೈ (ಜುಲೈ 18)

ಸೇಮ್ ಅಲ್ಲ ಸಾರ್. ನಿಮ್ಮದು ಮೆಮೊರಿ ತುಂಬಿ ಹೋಗುವುದು. ಜರ್ನಲ್‌ಸಿಟಿಎಲ್ ಮೈನಸ್ ಕೆ ಅಂತ ಕೊಟ್ಟು ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್ ಅಂತ ಇದೆಯಾ ನೋಡಿ. ಇದ್ದರೆ 8 ಜಿಬಿ ಮಾಡಿಸಿ, ಡಿಸೈನ್ ಮಾಡುವಾಗ ಬ್ರೌಸರ್‌ನ 30 ಟ್ಯಾಬ್ ಮುಚ್ಚಿ. ಸರ್ವರ್‌ಗೆ ಕೈ ಹಾಕಬೇಡಿ.

ಡಿಟಿಪಿ ವಿರಾಜಪೇಟೆ (ಜುಲೈ 18)

ಇದೆ! ನಾಲ್ಕು ಸಲ ಇದೆ. ಟ್ಯಾಬ್ 30 ಅಂತ ಹೇಗೆ ಗೊತ್ತಾಯಿತು?

ಚೆಕ್‌ರೋಲ್ ರೈಟರ್ (ಜುಲೈ 24)

ಒಂದು ವಾರದ ಲೆಕ್ಕ ತಂದಿದ್ದೇನೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಒಟ್ಟು ನಾಲ್ಕು ಸಲ ಬಿತ್ತು. ನಾಲ್ಕೂ ಸಲ ಓಲ್ಡ್ ಲಾಗ್ ಕಾಪಿ ಮಾಡಿದೆ. ಎಲ್ಲದರ ಕೊನೆಯಲ್ಲೂ ಕಾಟ್ ಸಿಗ್ನಲ್ 11, ಸೆಗ್ಮೆಂಟೇಶನ್ ಫಾಲ್ಟ್, ಸರ್ವರ್ ಅಬಾರ್ಟಿಂಗ್ ಅಂತ ಇದೆ. ಅದರ ಮೇಲೆ ಬ್ಯಾಕ್‌ಟ್ರೇಸ್ ಅಂತ ಹತ್ತು ಹನ್ನೆರಡು ಸಾಲು. ನನಗೆ ಅರ್ಥ ಆಗಲಿಲ್ಲ, ಆದರೆ ಅಕ್ಷರ ಹೋಲಿಸಿ ನೋಡಿದೆ. ಮೂರು ಸಲದ ಸಾಲುಗಳು ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದರಲ್ಲಿ ಫಾಂಟ್ ಬಗ್ಗೆ, ಒಂದರಲ್ಲಿ ಪಿಕ್ಸ್‌ಮ್ಯಾನ್ ಅಂತ, ಒಂದರಲ್ಲಿ ಇನ್‌ಪುಟ್ ಅಂತ ಏನೋ. ನಾಲ್ಕನೆಯದು ಮಾತ್ರ ಓನರ್‌ಗೆ ಲೆಕ್ಕ ತೋರಿಸಲು ಟಿವಿಗೆ ಎಚ್‌ಡಿಎಂಐ ಹಾಕಿ ತೆಗೆದಾಗ ಆಗಿದ್ದು. ಅದರಲ್ಲಿ ಗ್ರಾಫಿಕ್ಸ್ ಡ್ರೈವರ್ ಹೆಸರು ಇದೆ.

ಕೋರ್‌ಡಂಪ್ ಪಟ್ಟಿ ನೋಡಿ ಗಾಬರಿ ಆಯಿತು. ಎಕ್ಸ್‌ಆರ್ಗ್ ಅಲ್ಲದೆ ಫೈರ್‌ಫಾಕ್ಸ್ ಎರಡು ಸಲ, ಫೋಲ್ಡರ್ ತೆರೆಯುವ ನೀಮೊ ಒಂದು ಸಲ, ಅಪ್‌ಡೇಟ್ ಮ್ಯಾನೇಜರ್ ಒಂದು ಸಲ ಸತ್ತಿವೆ. ಎಲ್ಲ ಸಿಗ್ನಲ್ 11. ಫೈರ್‌ಫಾಕ್ಸ್ ಆಗಾಗ ಮುಚ್ಚಿಕೊಳ್ಳುತ್ತದೆ ಅಂತ ನನಗೆ ಗೊತ್ತಿತ್ತು, ಅದು ಬೇರೆ ವಿಷಯ ಅಂದುಕೊಂಡಿದ್ದೆ.

ಇನ್ನು ನೋಟ್‌ಬುಕ್. ಅದನ್ನು ಮಳೆ ಪುಸ್ತಕದ ಪಕ್ಕ ಇಟ್ಟು ನೋಡಿದೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು ಇಂಚು, ಸೆಂಟ್ಸ್‌ನಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು) ಬರೆಯುತ್ತೇವೆ. ಮೊದಲ ಮೂರು ಸಲ ಬಿದ್ದ ದಿನಗಳ ಅಳತೆ 3 ಇಂಚು 40, 4 ಇಂಚು 15, 3 ಇಂಚು 85. ಮೂರೂ ಬೆಳಿಗ್ಗೆ ಏಳರಿಂದ ಎಂಟರ ಒಳಗೆ, ಆನ್ ಮಾಡಿ ಅರ್ಧ ಗಂಟೆ ಆಗುವ ಮೊದಲು. ಮಧ್ಯಾಹ್ನ ಒಂದು ಸಲವೂ ಇಲ್ಲ. ಮಳೆ ಬಿಡುವು ಕೊಟ್ಟ ಎರಡು ದಿನ ಇಲ್ಲ. ಶುಕ್ರವಾರ ರಾತ್ರಿ ಅಪ್‌ಡೇಟ್ ಹಾಕಿ ಲ್ಯಾಪ್‌ಟಾಪ್ ಆಫ್ ಮಾಡುವುದು ಮರೆತಿದ್ದೆ, ಮಾರನೇ ದಿನ 4 ಇಂಚಿನ ಮೇಲೆ ಸುರಿದರೂ ಬೀಳಲಿಲ್ಲ.

ನಮ್ಮ ಆಫೀಸು ಗೋದಾಮಿನ ಪಕ್ಕದ ರೂಮು. ಜುಲೈಯಲ್ಲಿ ಅಲ್ಲಿ ಚಪ್ಪಲಿ ಬಿಟ್ಟರೂ ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಮೂರನೇ ಟಿಟಿವೈ (ಜುಲೈ 24)

ರೈಟರ್ ಅವರೇ, ಇಷ್ಟು ಚೆಂದದ ಬಗ್ ರಿಪೋರ್ಟ್ ಆಫೀಸಿನಲ್ಲಿ ನನಗೆ ಯಾರೂ ಕೊಟ್ಟಿಲ್ಲ.

ಪ್ರೋಗ್ರಾಂನಲ್ಲಿ ತಪ್ಪಿದ್ದರೆ ಅದು ಪ್ರತಿ ಸಲ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ಎಡವುತ್ತದೆ. ರಸ್ತೆಯಲ್ಲಿ ಒಂದು ಗುಂಡಿ ಇದ್ದ ಹಾಗೆ. ಬ್ಯಾಕ್‌ಟ್ರೇಸ್ ಅಂದರೆ ಬಿದ್ದ ಜಾಗದ ಗುರುತು, ನಿಮ್ಮದರಲ್ಲಿ ಮೂರು ಸಲ ಮೂರು ಜಾಗ. ಸಾಲದ್ದಕ್ಕೆ ಒಂದಕ್ಕೊಂದು ಸಂಬಂಧ ಇಲ್ಲದ ಪ್ರೋಗ್ರಾಂಗಳೂ ಅದೇ ಸಿಗ್ನಲ್ 11ರಲ್ಲಿ, ಅಂದರೆ ಮೆಮೊರಿಯ ತಪ್ಪು ಜಾಗ ಮುಟ್ಟಿ, ಸಾಯುತ್ತಿವೆ. ಅಂದರೆ ಗುಂಡಿ ರಸ್ತೆಯಲ್ಲಿ ಇಲ್ಲ, ನಡೆಯುವವರ ಕಾಲಲ್ಲೇ ಏನೋ ಇದೆ. ನಾಲ್ಕನೆಯದನ್ನು ಪಕ್ಕಕ್ಕಿಡಿ, ಅದು ಬೇರೆ ಜಾತಿ ಅನ್ನಿಸುತ್ತದೆ.

ಒಂದು ಕೇಳುತ್ತೇನೆ. ಅಪ್‌ಡೇಟ್ ಮಾಡುವಾಗ ಹ್ಯಾಶ್ ಸಮ್ ಮಿಸ್‌ಮ್ಯಾಚ್ ಅಂತ, ಅಂದರೆ ಇಳಿಸಿದ ಫೈಲು ಮೂಲದ ಜೊತೆ ತಾಳೆ ಆಗಲಿಲ್ಲ ಅಂತ, ಯಾವತ್ತಾದರೂ ಬಂದಿತ್ತಾ?

ಚೆಕ್‌ರೋಲ್ ರೈಟರ್ (ಜುಲೈ 24)

ಬಂದಿದೆ. ಜೂನ್‌ನಿಂದ ಎರಡು ಮೂರು ಸಲ. ಮಳೆಗೆ ನೆಟ್ ಸರಿಯಿಲ್ಲ ಅಂದುಕೊಂಡು ಮತ್ತೆ ಮಾಡಿದೆ, ಸರಿಯಾಯಿತು.

ಸೋಲ್ಡರ್ ಕುಶಾಲನಗರ (ಜುಲೈ 25)

ರ‍್ಯಾಮ್. ನಾನು ಮೊದಲ ದಿನವೇ ಹೇಳಬೇಕಿತ್ತು, ನೋಡದೆ ಹೇಳಬಾರದು ಅಂತ ಸುಮ್ಮನಿದ್ದೆ.

ನಿಮ್ಮ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದೇ 8 ಜಿಬಿಯಿಂದ ಪಾಲು ತೆಗೆದುಕೊಳ್ಳುತ್ತದೆ. ಪರದೆ ಮೇಲೆ ಏನು ಅಲ್ಲಾಡಿದರೂ ರ‍್ಯಾಮ್ ಓದಿ ಬರೆಯಬೇಕು. ಡಿಸ್ಪ್ಲೇ ಸರ್ವರ್ ಇಡೀ ದಿನ ಅದನ್ನೇ ಮಾಡುತ್ತಾ ಕೂತಿರುತ್ತದೆ. ರ‍್ಯಾಮ್‌ನ ಒಂದು ಮೂಲೆ ಆಗಾಗ ತಪ್ಪು ಹೇಳಿದರೆ ಮೊದಲು ಬೀಳುವವರಲ್ಲಿ ಅದೂ ಒಂದು, ಬಿದ್ದಿದ್ದು ಎಲ್ಲರಿಗೂ ಕಾಣುವುದು ಅದೊಂದೇ.

ರ‍್ಯಾಮ್ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್86+ ಓಡಿಸಿ. ಮಿಂಟ್ 21ರ ಪ್ಯಾಕೇಜ್‌ನಲ್ಲಿ ಸಿಗುವುದು ಹಳೆಯ 5ರ ಸರಣಿ, ಅದು ಯುಇಎಫ್‌ಐನಲ್ಲಿ, ಅಂದರೆ ಈಗಿನ ಲ್ಯಾಪ್‌ಟಾಪ್‌ಗಳ ಬೂಟ್ ವ್ಯವಸ್ಥೆಯಲ್ಲಿ, ಓಡುವುದಿಲ್ಲ. 2022ರಲ್ಲಿ ಬಂದ 6 ಅಥವಾ ಅದಕ್ಕಿಂತ ಹೊಸದನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಬಹುದು.

ಚೆಕ್‌ರೋಲ್ ರೈಟರ್ (ಜುಲೈ 27)

ಪೆನ್‌ಡ್ರೈವ್ ಮಾಡಿಕೊಂಡು ನಿನ್ನೆ ಸಂಜೆ ಕೆಲಸ ಮುಗಿದ ಮೇಲೆ ಓಡಿಸಿದೆ. ಒಂದು ಪಾಸ್‌ಗೆ, ಅಂದರೆ ಪೂರ್ತಿ ಒಂದು ಸುತ್ತಿಗೆ, ಒಂದು ಗಂಟೆ ಹತ್ತಿರ ಹಿಡಿಯಿತು. ಮೂರು ಪಾಸ್. ತಪ್ಪು ಸೊನ್ನೆ.

ಪೆನ್‌ಡ್ರೈವ್ ಪೊನ್ನಂಪೇಟೆ (ಜುಲೈ 27)

ನೋಡಿ, ರ‍್ಯಾಮ್ ಚೆನ್ನಾಗಿದೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿ ಅಣ್ಣ, ಒಂದು ಗಂಟೆ ಕೆಲಸ.

ಸೋಲ್ಡರ್ ಕುಶಾಲನಗರ (ಜುಲೈ 27)

ತಮ್ಮ, ತಡಿ. ಸಂಜೆ ಅಂದರೆ ಲ್ಯಾಪ್‌ಟಾಪ್ ಹತ್ತು ಗಂಟೆ ಓಡಿ ಬಿಸಿಯಾಗಿದೆ, ಒಳಗಿನ ತೇವ ಆರಿದೆ. ಅವರೇ ಬರೆದಿದ್ದಾರಲ್ಲ, ಮಧ್ಯಾಹ್ನ ಬೀಳುವುದಿಲ್ಲ ಅಂತ. ಸಂಜೆ ಪರೀಕ್ಷೆ ಮಾಡಿದರೆ ಏನು ಸಿಗುತ್ತದೆ? ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ. ನಮ್ಮ ಅಂಗಡಿಗಳಲ್ಲೂ ಇದೇ ಆಗುವುದು. ಗಿರಾಕಿ ತಂದ ಸಾಮಾನು ಒಣ ಮೇಜಿನ ಮೇಲೆ ಇಡೀ ದಿನ ಆನ್ ಇರುತ್ತದೆ, ಏನೂ ತೊಂದರೆ ಇಲ್ಲ ಅಂತ ಕಳಿಸುತ್ತೇವೆ. ನಾನೂ ಕಳಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ರಾತ್ರಿ ಆಫ್ ಮಾಡಿ ಅದೇ ರೂಮಲ್ಲಿ ಅದೇ ಮೇಜಿನ ಮೇಲೆ ಬಿಡಿ. ಬೆಳಿಗ್ಗೆ ಮೊದಲ ಸಲ ಆನ್ ಮಾಡುವುದೇ ಮೆಮ್‌ಟೆಸ್ಟ್‌ಗೆ ಆಗಿರಲಿ.

ಚೆಕ್‌ರೋಲ್ ರೈಟರ್ (ಜುಲೈ 29)

ಸಿಕ್ಕಿತು!!

ಬೆಳಿಗ್ಗೆ ಆರೂವರೆ. ಕರೆಂಟ್ ಇರಲಿಲ್ಲ, ಬ್ಯಾಟರಿಯಲ್ಲೇ ಶುರು ಮಾಡಿದೆ. ಮೂರನೇ ನಿಮಿಷಕ್ಕೆ ಕೆಂಪು ಸಾಲು ಬರಲು ಶುರು. ಹತ್ತು ನಿಮಿಷದಲ್ಲಿ 37 ತಪ್ಪು. ಆಮೇಲೆ ನಿಧಾನ ಆಯಿತು, ಏಳು ಗಂಟೆಗೆ ನಿಂತೇ ಹೋಯಿತು. ನಾನು ಕಾಫಿ ಲೋಟ ಹಿಡಿದು ಆ ಕೆಂಪು ಸಾಲನ್ನೇ ನೋಡುತ್ತಾ ಕೂತಿದ್ದೆ. ಮನೆಯವಳು ಬಂದು, ಲ್ಯಾಪ್‌ಟಾಪ್ ಕೆಟ್ಟಿದ್ದಕ್ಕೆ ಇಷ್ಟು ಖುಷಿ ಪಡುವವರನ್ನು ಇಲ್ಲೇ ನೋಡಿದ್ದು ಅಂದಳು.

ಈಗ ಹೊಸ ರ‍್ಯಾಮ್ ತರಬೇಕಾ?

ಸೋಲ್ಡರ್ ಕುಶಾಲನಗರ (ಜುಲೈ 29)

ದುಡ್ಡು ಈಗಲೇ ಬೇಡ. ರ‍್ಯಾಮ್ ಕೆಟ್ಟಿರಬಹುದು, ಸ್ಲಾಟ್ ಕೆಟ್ಟಿರಬಹುದು, ಎರಡೂ ಚೆನ್ನಾಗಿದ್ದು ಮಧ್ಯದ ಕಾಂಟ್ಯಾಕ್ಟ್‌ನಲ್ಲಿ ಕೊಳೆ ಇರಬಹುದು. ಮಳೆ ಜೊತೆ ಕೂಡಿ ಬರುತ್ತಿದೆ ಅಂದರೆ ನನ್ನ ಅನುಮಾನ ಮೂರನೆಯದರ ಮೇಲೆ.

ಬಿಸಿಲಿಲ್ಲದಿದ್ದರೂ ಮಳೆ ಸ್ವಲ್ಪ ಬಿಟ್ಟ ಹೊತ್ತು ನೋಡಿ ಮಾಡಿ. ಚಾರ್ಜರ್ ತೆಗೆಯಿರಿ. ಹಿಂದಿನ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಚ್ಚಿ, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಯಾವುದಾದರೂ ಕಬ್ಬಿಣ ಮುಟ್ಟಿಕೊಂಡು ಕೈ ಹಾಕಿ. ರ‍್ಯಾಮ್‌ನ ಎರಡೂ ಪಕ್ಕದ ಕ್ಲಿಪ್ ಹೊರಗೆ ಸರಿಸಿದರೆ ಅದು ತಾನಾಗಿ ಮೇಲೆ ಏಳುತ್ತದೆ. ಎಳೆಯಬೇಡಿ. ಚಿನ್ನದ ಬಣ್ಣದ ಹಲ್ಲುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಒರೆಸಿ. 99 ಪರ್ಸೆಂಟ್ ಇರುವುದು ತರಬೇಕು. ಕೋವಿಡ್ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಇದೆ ಅಂತ ಹಾಕಬೇಡಿ, ಅದರಲ್ಲಿ ನೀರು ಗ್ಲಿಸರಿನ್ ಎರಡೂ ಇರುತ್ತದೆ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವವರಿದ್ದಾರೆ, ನಾನೂ ತೀರಾ ಹಠ ಹಿಡಿದ ಕಲೆಗೆ ಮೆಲ್ಲಗೆ ಉಜ್ಜುತ್ತೇನೆ, ಆದರೆ ಅದರ ಪುಡಿ ಸ್ಲಾಟ್ ಒಳಗೆ ಹೋಗಬಾರದು.

ಆಮೇಲೆ ಒಂದೊಂದೇ ರ‍್ಯಾಮ್ ಹಾಕಿ ಒಂದೊಂದು ಬೆಳಿಗ್ಗೆ ಟೆಸ್ಟ್ ಮಾಡಿ. ಎರಡೂ ಒಟ್ಟಿಗೆ ಇದ್ದರೆ ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ.

ಚೆಕ್‌ರೋಲ್ ರೈಟರ್ (ಆಗಸ್ಟ್ 3)

ಆಲ್ಕೋಹಾಲ್ ಮಡಿಕೇರಿಯಿಂದ ತರಿಸಿದೆ. 30ನೇ ತಾರೀಕು ಬಿಚ್ಚಿದೆ. ಫ್ಯಾನಿನ ಪಕ್ಕದ ಸ್ಲಾಟಿನ ರ‍್ಯಾಮ್ ಚೆನ್ನಾಗಿ ಹೊಳೆಯುತ್ತಿತ್ತು. ಅಂಚಿನ ಕಡೆಯದ್ದರ ಹಲ್ಲುಗಳ ಮೇಲೆ ಮಂಜು ಹಿಡಿದ ಕನ್ನಡಿ ತರ ಮಬ್ಬು, ಒಂದು ತುದಿಯಲ್ಲಿ ಹಸಿರು ಮಿಶ್ರಿತ ಚುಕ್ಕಿ. ಹತ್ತಿ ಕಡ್ಡಿ ಕಪ್ಪಾಯಿತು. ನಾಲ್ಕು ಕಡ್ಡಿ ಹಿಡಿಯಿತು.

31ಕ್ಕೆ ಮೊದಲನೆಯದು ಒಂದೇ, ತಣ್ಣಗಿನ ಬೆಳಿಗ್ಗೆ, ಸೊನ್ನೆ. 1ಕ್ಕೆ ಮಬ್ಬಾಗಿದ್ದದ್ದನ್ನು ಅದೇ ಒಳ್ಳೆಯ ಸ್ಲಾಟಿಗೆ ಹಾಕಿದೆ, ಸೊನ್ನೆ. 2ಕ್ಕೆ ಅದನ್ನೇ ಅಂಚಿನ ಸ್ಲಾಟಿಗೆ, ಸೊನ್ನೆ. ಇವತ್ತು ಎರಡೂ ಒಟ್ಟಿಗೆ, ಮಳೆ 4 ಇಂಚು 60, ಎರಡು ಪಾಸ್, ಸೊನ್ನೆ. ಬರೀ ಕೊಳೆ!

ಇವತ್ತು ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಓನರ್ ಮನೆಯಿಂದ ಮದ್ದುಸೊಪ್ಪಿನ ಪಾಯಸ ಬಂದಿದೆ. ಎಲ್ಲರೂ ಬಂದು ಒಂದು ಲೋಟ ಕುಡಿದು ಹೋಗಿ. ಕುಶಾಲನಗರದವರಿಗೆ ಎರಡು.

ಶನಿವಾರಸಂತೆ ಮೇಷ್ಟ್ರು (ಆಗಸ್ಟ್ 3)

ಬಹಳ ಸಂತೋಷ. ನಮ್ಮಲ್ಲಿ ಕ್ಯಾಮೆರಾ ಒದ್ದೆಯಾದರೆ ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದೆವು. ಇನ್ನು ಮೇಲೆ ಲ್ಯಾಪ್‌ಟಾಪನ್ನೂ ಹಾಗೆ ಇಡಬಹುದೇ?

ಸೋಲ್ಡರ್ ಕುಶಾಲನಗರ (ಆಗಸ್ಟ್ 3)

ಅಕ್ಕಿ ಬೇಡ ಮೇಷ್ಟ್ರೇ. ಅದರ ಹಿಟ್ಟು ಪೋರ್ಟ್ ಒಳಗೆ, ಫ್ಯಾನ್ ಒಳಗೆ ಹೋಗಿ ಗಂಜಿಯಾಗುತ್ತದೆ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಕಾಳು ಸಿಗುತ್ತದೆ, ನೀಲಿ ಇದ್ದದ್ದು ತೇವ ಹೀರಿ ಗುಲಾಬಿ ಆದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ವಾಪಸ್ ನೀಲಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಇಲ್ಲವಾದರೆ ಹಿಂದಿನವರು ಬೀರುವಿನಲ್ಲಿ ಸಣ್ಣ ಬಲ್ಬ್ ಉರಿಸಿಟ್ಟು ಬಟ್ಟೆ ಕಾಪಾಡುತ್ತಿದ್ದರಲ್ಲ, ಆ ಲೆಕ್ಕಾಚಾರವೂ ಸರಿಯೇ. ಹಳೆಯ ಬಿಸಿಯಾಗುವ ಬಲ್ಬೇ ಆಗಬೇಕು, ಎಲ್‌ಇಡಿ ಹಾಕಿದರೆ ಬೆಳಕು ಮಾತ್ರ.

ಮೂರನೇ ಟಿಟಿವೈ (ಆಗಸ್ಟ್ 4)

ಪಾಯಸದ ಮಧ್ಯೆ ಒಂದು ಕಹಿ ವಿಷಯ. ಜೂನ್‌ನಿಂದ ರ‍್ಯಾಮ್ ತಪ್ಪು ಹೇಳಿದೆ. ಆ ಹೊತ್ತಿನಲ್ಲಿ ಡಿಸ್ಕ್‌ಗೆ ಬರೆದದ್ದರಲ್ಲೂ ತಪ್ಪು ಸೇರಿರಬಹುದು. ಹ್ಯಾಶ್ ಹೊಂದದೇ ಇದ್ದದ್ದು ನೆಟ್‌ನಿಂದ ಅಲ್ಲ, ಇದರಿಂದಲೇ ಇರಬೇಕು. ಡೆಬ್‌ಸಮ್ಸ್ ಅನ್ನುವ ಪ್ಯಾಕೇಜ್ ಹಾಕಿ ಓಡಿಸಿ, ಯಾವ ಸಿಸ್ಟಂ ಫೈಲು ಕೆಟ್ಟಿದೆ ಅಂತ ಹೇಳುತ್ತದೆ. ಅಂಥ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ಸಾಕು. ನಿಮ್ಮ ಚೆಕ್‌ರೋಲ್ ಮಾತ್ರ ಯಾವ ಪ್ಯಾಕೇಜಿನಲ್ಲೂ ಇಲ್ಲ. ಜೂನ್, ಜುಲೈ ಒಟ್ಟು ಮೊತ್ತ ಕಾಗದದ ಜೊತೆ ತಾಳೆ ನೋಡಿ.

ಚೆಕ್‌ರೋಲ್ ರೈಟರ್ (ಆಗಸ್ಟ್ 6)

ಎರಡು ರಾತ್ರಿ ಕೂತು ತಾಳೆ ನೋಡಿದೆ. ಮೊತ್ತ ಎಲ್ಲ ಸರಿ ಇದೆ. ಡೆಬ್‌ಸಮ್ಸ್ ಎರಡು ಫೈಲು ತೋರಿಸಿತು, ಒಂದು ಫಾಂಟಿನದು, ಒಂದು ಪ್ರಿಂಟರ್‌ನದು. ಮತ್ತೆ ಹಾಕಿದೆ. ಆ ಪ್ರಿಂಟರ್ ಜೂನ್‌ನಿಂದ ಕೆಲಸ ಮಾಡುತ್ತಿರಲಿಲ್ಲ, ಈಗ ಮಾಡುತ್ತಿದೆ!

ಚೆಕ್‌ರೋಲ್ ರೈಟರ್ (ಆಗಸ್ಟ್ 17)

ಹದಿನಾಲ್ಕು ದಿನ ಒಂದೂ ಇರಲಿಲ್ಲ. ಇವತ್ತು ಸಂಜೆ ಓನರ್ ಮುಂದೆ ಟಿವಿಗೆ ಹಾಕಿ ತೆಗೆದಾಗ ಬಿತ್ತು. ಬ್ಯಾಕ್‌ಟ್ರೇಸ್ ಜುಲೈನ ನಾಲ್ಕನೆಯದರ ಪಕ್ಕ ಇಟ್ಟು ನೋಡಿದೆ. ಸಾಲು ಸಾಲೂ ಅದೇ.

ಮೂರನೇ ಟಿಟಿವೈ (ಆಗಸ್ಟ್ 17)

ಒಂದೇ ಜಾಗ. ಇದು ನಿಜವಾಗಿ ಪ್ರೋಗ್ರಾಂನ ಗುಂಡಿ. ಈಟಿಸಿ ಒಳಗೆ ಎಕ್ಸ್11, ಅದರೊಳಗೆ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಡಾಟ್ ಡಿ ಅಂತ ಫೋಲ್ಡರ್ ಇದೆಯಾ? ಅದರಲ್ಲಿ ನೀವಾಗಿ ಹಾಕಿದ ಫೈಲು ಏನಾದರೂ?

ಚೆಕ್‌ರೋಲ್ ರೈಟರ್ (ಆಗಸ್ಟ್ 17)

ಒಂದು ಇದೆ. ಲ್ಯಾಪ್‌ಟಾಪ್ ತಗೊಂಡ ಹೊಸತರಲ್ಲಿ ವಿಡಿಯೊ ನೋಡುವಾಗ ಚಿತ್ರ ಹರಿದ ಹಾಗೆ ಕಾಣುತ್ತಿತ್ತು. ಯಾರೋ ಹೇಳಿದರು ಅಂತ ಟಿಯರ್‌ಫ್ರೀ ಅಂತ ಏನೋ ಬರೆದು ಹಾಕಿದ್ದೆ. ಮಿಂಟ್ ಅಪ್‌ಗ್ರೇಡ್ ಮಾಡುತ್ತಾ ಬಂದಿದ್ದೇನೆ, ಅದು ಅಲ್ಲೇ ಉಳಿದಿದೆ.

ಮೂರನೇ ಟಿಟಿವೈ (ಆಗಸ್ಟ್ 17)

ಆ ಫೈಲು ನಿಮ್ಮ ಚಿಪ್‌ಗೆ ಅಂತ ಇರುವ ಹಳೆಯ ಪ್ರತ್ಯೇಕ ಡ್ರೈವರನ್ನು ಬಲವಂತವಾಗಿ ಹಿಡಿದುಕೊಂಡಿದೆ. ಅದರ ಕೊನೆಯ ಬಿಡುಗಡೆ 2014ರದ್ದು. ಆಮೇಲಿಂದ ಎಕ್ಸ್ ಸರ್ವರ್ ಒಳಗೇ ಇರುವ ಮೋಡ್‌ಸೆಟ್ಟಿಂಗ್ ಅನ್ನುವ ಡ್ರೈವರೇ ನಿಮ್ಮ ತರದ ಲ್ಯಾಪ್‌ಟಾಪ್‌ಗೆ ಸಾಕು, ಆ ಫೈಲು ಇಲ್ಲದಿದ್ದರೆ ತಾನಾಗಿ ಅದೇ ಬರುತ್ತದೆ. ಅಳಿಸಬೇಡಿ, ಹೆಸರಿನ ಕೊನೆಗೆ ಡಾಟ್ ಬ್ಯಾಕಪ್ ಸೇರಿಸಿ ರೀಸ್ಟಾರ್ಟ್ ಮಾಡಿ. ಈ ಸಲ ರೀಸ್ಟಾರ್ಟ್ ಮಾಡಬಹುದು.

ಪೆನ್‌ಡ್ರೈವ್ ಪೊನ್ನಂಪೇಟೆ (ಆಗಸ್ಟ್ 17)

ನಾನು ಎಕ್ಸ್‌ಆರ್ಗ್ ಅಂತ ಹೇಳಿರಲಿಲ್ವಾ?

ಮೂರನೇ ಟಿಟಿವೈ (ಆಗಸ್ಟ್ 17)

ಹೇಳಿದ್ದೆ ತಮ್ಮ. ನಾಲ್ಕರಲ್ಲಿ ಒಂದು. ಹಾಗೆ ನೋಡಿದರೆ ಅವರನ್ನು ವೇಲ್ಯಾಂಡ್‌ಗೆ ಕಳಿಸಿ ಅಲ್ಲೂ ಬಿದ್ದದ್ದರಿಂದಲೇ ನಮಗೆ ದಾರಿ ಸಿಕ್ಕಿತು.

ಚೆಕ್‌ರೋಲ್ ರೈಟರ್ (ಆಗಸ್ಟ್ 25)

ಫೈಲ್ ಹೆಸರು ಬದಲಾಯಿಸಿದ ಮೇಲೆ ಎಚ್‌ಡಿಎಂಐ ಬೇಕಂತಲೇ ಇಪ್ಪತ್ತು ಸಲ ಹಾಕಿ ತೆಗೆದೆ. ಬೀಳಲಿಲ್ಲ. ವಿಡಿಯೊದಲ್ಲಿ ಚಿತ್ರ ಹರಿದ ಹಾಗೂ ಕಾಣುತ್ತಿಲ್ಲ. ರಾತ್ರಿ ಲ್ಯಾಪ್‌ಟಾಪ್ ಈಗ ಸಿಲಿಕಾ ಡಬ್ಬದಲ್ಲಿ ಮಲಗುತ್ತದೆ. ಕೋರ್‌ಡಂಪ್ ಪಟ್ಟಿಯಲ್ಲಿ 17ರ ಆಮೇಲೆ ಒಂದು ಹೆಸರೂ ಸೇರಿಲ್ಲ. ಹೋದ ಶನಿವಾರ 3 ಇಂಚು 20 ಮಳೆಯಲ್ಲಿ ಬಟವಾಡೆ ಹನ್ನೊಂದಕ್ಕೆಲ್ಲ ಮುಗಿಯಿತು, ಪಟ್ಟಿ ಪ್ರಿಂಟ್ ತೆಗೆದೇ ಕೊಟ್ಟೆ.

ಡಿಟಿಪಿ ವಿರಾಜಪೇಟೆ (ಆಗಸ್ಟ್ 25)

ರೈಟರ್ ಅಣ್ಣ, ಆ 99 ಪರ್ಸೆಂಟ್ ಆಲ್ಕೋಹಾಲ್ ಮಿಕ್ಕಿದೆಯಾ? 8 ಜಿಬಿ ಮಾಡಿಸಲು ಮುಚ್ಚಳ ತೆಗೆಸಿದೆ, ನನ್ನದರಲ್ಲೂ ಹಸಿರು ಚುಕ್ಕಿ ಇದೆ.